‘ಬಕೆಟ್ ಹಿಡಿಯೋದು’ ಅಂದ್ರೆ ಏನು? ‘ಓಲೈಸೋದು’ ಅಂದ್ರೂ ಅದೇನಾ?

ಬಕೆಟ್ ಹಿಡಿಯೋದು ಅಂದ್ರೆ ತನ್ನ ಕೆಲಸ ಆಗ್ಲಿ ಅಂತ ಮೇಲಿನವರ ಹಿಂದೆಮುಂದೆ ಸುತ್ತಿ, ಅವ್ರು ಏನ್ ಹೇಳಿದ್ರೂ ಹೌದೌದು ಅಂತ ಹೊಗಳೋದು. ನಮ್ ಶಿವಮೊಗ್ಗದಲ್ಲಿ ಕಾಲೇಜು ಹುಡುಗ್ರಿಂದ ಆಫೀಸಿನವರ ತನಕ ‘ಅವ್ನು ಬಾಸ್‌ಗೆ ಬಕೆಟ್ ಹಿಡಿತಾನೆ ಮಾರಾಯ’ ಅಂತಾರೆ. ಬೈಗುಳಾನೇ ಇದು, ಎದುರಿಗೆ ಹೇಳ್ಬೇಡಿ.

ಓಲೈಸೋದು ಬೇರೆ, ಹಳೇ ಪದ, ನಂಗೆ ತುಂಬಾ ಇಷ್ಟ. ಓಲಗ ಅಂದ್ರೆ ರಾಜನ ಸಭೆ, ಅಲ್ಲಿ ಸೇವೆ ಮಾಡೋದೇ ಓಲೈಸೋದು, ಅದ್ರಲ್ಲಿ ಮೊದ್ಲು ಕೆಟ್ಟ ಅರ್ಥ ಇರ್ಲಿಲ್ಲ, ತೀರ್ಥಹಳ್ಳಿ ಸಾಗರದ ಕಡೆ ಮದುವೇಲಿ ಊದೋ ವಾಲಗಾನೂ ಅದೇ ಓಲಗ. ಮುನಿಸ್ಕೊಂಡ ನೆಂಟ್ರನ್ನ ಓಲೈಸಿ ಊಟಕ್ಕೆ ಕರೀತೀವಲ್ಲ, ಅದು ಬಕೆಟ್ ಅಲ್ಲ. ಆದ್ರೆ ಪೇಪರ್‌ನಲ್ಲಿ ‘ಮತದಾರರ ಓಲೈಕೆ’ ಅಂತ ಬಂದ್ರೆ ಅಲ್ಲಿ ಟೀಕೆ ಇದೆ ಅಂತಾನೇ ಓದ್ಕೊಳ್ಳಿ.