ಮಗನ ಮನೆ ಕಸ, ಮಗಳ ಮನೆ ಕಸ

ಪ್ರಶ್ನೆ: ಎರಡು ತಿಂಗಳಿಂದ ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಮಗ ಸ್ಯಾನ್ ಹೋಸೆಯಲ್ಲಿ, ಮಗಳು ಪಕ್ಕದ ಸನ್ನಿವೇಲ್‌ನಲ್ಲಿ. ಮಗಳ ಮನೆಯಲ್ಲಿ ಬಾಳೆಹಣ್ಣಿನ ಸಿಪ್ಪೆಗೇ ಬೇರೆ ಡಬ್ಬ. ಮಗನ ಮನೆಯಲ್ಲಿ ಸೊಸೆ ಅದನ್ನು ಡೈಪರ್ ಜೊತೆಗೇ ಎಸೆಯುತ್ತಾಳೆ! ಜಯನಗರದಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿ ಅಭ್ಯಾಸವಾದ ನನಗೆ ಕೈಯೇ ಬರುವುದಿಲ್ಲ. ಕೇಳಿದರೆ "ಇಲ್ಲಿ ರೂಲೇ ಹೀಗೆ ಅತ್ತೆ" ಅನ್ನುತ್ತಾಳೆ. ಆದರೆ ಅದೇ ಊರಲ್ಲಿ ಸಣ್ಣ ದೋಸೆ ಹೋಟೆಲ್ ಇಟ್ಟಿರುವ ಅವಳ ಗೆಳತಿ ಮಾತ್ರ ಬೇರೆ ಮಾಡಲೇಬೇಕಂತೆ. ಏನಿದು ಲೆಕ್ಕ?
– ಜಯನಗರದ ಓದುಗರು

ಉತ್ತರ: ಪಾಪ, ಸೊಸೆಯನ್ನು ಬೈಬೇಡಿ, ಅವಳು ಹೇಳಿದ್ದು ನಿಜ. ತಿಂಡಿ-ತರಕಾರಿ ಕಸವನ್ನು ಗುಂಡಿಗೆ ಸುರಿದು ಕೊಳೆಸಬಾರದು ಅನ್ನೋ ರಾಜ್ಯದ ಕಾನೂನು 2022ರ ಜನವರಿ 1ರಿಂದ ಇಡೀ ಕ್ಯಾಲಿಫೋರ್ನಿಯಾಕ್ಕೆ ಒಂದೇ. ಕೊಳೆತರೆ ಮೀಥೇನ್ ಬರುತ್ತದೆ, ಅದಕ್ಕೇ ಈ ಗಲಾಟೆ. ಆದರೆ ಮನೆಯಲ್ಲೇ ಬೇರೆ ಮಾಡಿಸಬೇಕೋ, ಎಲ್ಲ ಒಟ್ಟಿಗೆ ತಂದು ಆಮೇಲೆ ಕಾರ್ಖಾನೆಯಲ್ಲಿ ಬೇರೆ ಮಾಡಬೇಕೋ ಅನ್ನೋದನ್ನು ಊರುಗಳಿಗೆ ಬಿಟ್ಟಿದ್ದಾರೆ. ಸನ್ನಿವೇಲ್ ಮೊದಲನೆಯದನ್ನು ಹಿಡಿಯಿತು: ಒಂದೇ ತೊಟ್ಟಿಗೆ ನಡುವೆ ಗೋಡೆ, ಒಂದು ಕಡೆ ಊಟದ ಕಸ, ಇನ್ನೊಂದು ಕಡೆ ಉಳಿದದ್ದು. ರೀಸೈಕಲ್ ತೊಟ್ಟಿಯಲ್ಲೂ ಹಾಗೇ, ಪೇಪರ್ ಒಂದು ಕಡೆ, ಬಾಟಲಿ ಡಬ್ಬ ಇನ್ನೊಂದು ಕಡೆ. ಸ್ಯಾನ್ ಹೋಸೆ ಮನೆಗಳಲ್ಲಿ ಸಿಪ್ಪೆ, ಉಳಿದ ಅನ್ನ ಎಲ್ಲಾ ಮಾಮೂಲಿ ಕಸಕ್ಕೇ. ಆರಿಸೋದು ಆಮೇಲೆ. ಅಲ್ಲಿ ತೋಟದ ಎಲೆಯನ್ನಂತೂ ಸುಮ್ನೆ ರಸ್ತೆ ಬದಿಗೆ ಗುಡ್ಡೆ ಹಾಕಿದರೂ ನಡೆಯುತ್ತದೆ, ದೊಡ್ಡ ಉಗುರಿನ ಗಾಡಿ ಬಂದು ಬಾಚಿಕೊಂಡು ಹೋಗುತ್ತದೆ, ನೀವೂ ನೋಡಿರಬಹುದು.

ನನ್ನನ್ನು ಕೇಳಿದರೆ ಮಗಳ ಊರಿನದ್ದೇ ಸರಿ. ಡೈಪರ್ ಜೊತೆ ಬೆರೆತ ಸಿಪ್ಪೆಯಿಂದ ಒಳ್ಳೆ ಗೊಬ್ಬರ ಹೇಗೆ ಬರುತ್ತದೆ, ಅಲ್ವಾ?

ಹೋಟೆಲಿನ ಕಥೆ ಬೇರೆ. ಸ್ಯಾನ್ ಹೋಸೆಯಲ್ಲಿ 2012ರಿಂದ ವ್ಯಾಪಾರದವರಿಗೆ 'ವೆಟ್' ಮತ್ತು 'ಡ್ರೈ' ಅಂತ ಎರಡು ಪದ್ಧತಿ, ಅಂದರೆ ನಿಮ್ಮ ಜಯನಗರದ ಹಸಿ-ಒಣ! ದೋಸೆ ಹಿಟ್ಟು, ಸಾಂಬಾರ್ ಹತ್ತಿದ ಟಿಶ್ಯೂ ಎಲ್ಲ ವೆಟ್‌ಗೆ. ಹೋಟೆಲಿನಲ್ಲಿ ಒಂದೇ ಕಡೆ ರಾಶಿ ರಾಶಿ ಹಸಿ ಕಸ ಬೀಳುವುದರಿಂದ ಅಲ್ಲೇ ಬೇರೆ ಹಿಡಿಯೋದು ಸುಲಭ. 250 ಸೀಟು ಅಥವಾ ಅದಕ್ಕಿಂತ ಜಾಸ್ತಿ ಇರುವ ಹೋಟೆಲಿನವರು 2024ರಿಂದ ಉಳಿದ ಒಳ್ಳೆ ಊಟವನ್ನು ಹಸಿದವರಿಗೆ ಕೊಡುವ ವ್ಯವಸ್ಥೆಯನ್ನೂ ಮಾಡಬೇಕು. ಗೆಳತಿಯ ಸಣ್ಣ ಹೋಟೆಲಿಗೆ ಆ ತಲೆನೋವಿಲ್ಲ.

ಮಗನ ಮನೆಯಲ್ಲಿ ನಿಮ್ಮ ಕಣ್ಣು ರೀಸೈಕಲ್ ತೊಟ್ಟಿಯ ಮೇಲಿರಲಿ. ಅರ್ಧ ಮೊಸರು ಅಂಟಿದ ಡಬ್ಬ ಅಲ್ಲಿಗೆ ಬಿದ್ದರೆ ಪಕ್ಕದ ಪೇಪರೂ ಹಾಳು. ತೊಳೆದು ಹಾಕಲು ಹೇಳಿ. ಆದರೆ ತೊಳೆದ ಮೊಸರಿನ ಡಬ್ಬವನ್ನು ನೀವು ಬಿಸಾಡೋಕೆ ಬಿಡ್ತೀರಾ, ಹುಳಿಪುಡಿ ತುಂಬಿಡೋಕೆ ಬೇಕಲ್ಲ!