ಅಪ್ಪನ ಮಾತು ಅಪ್ಪನದಾಗಿಯೇ ಉಳಿಯಲಿ

ಓದುಗರ ಪತ್ರ: ಎಂಬತ್ತು ದಾಟಿದ ನನ್ನ ತಂದೆ ನಮ್ಮೂರ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರಗಂಟಿಯಾಗಿದ್ದವರು. ಅವರ ಜೀವನವನ್ನು ಬರೆದಿಡಬೇಕೆಂದು ಕುಳಿತಿದ್ದೇನೆ. ಅವರ ಮಾತು ಅರ್ಧ ತೆಲುಗು, ಅರ್ಧ ಕನ್ನಡ, ಅದನ್ನು ತಿದ್ದಬೇಕೇ? ಇಸವಿಗಳು ಅವರಿಗೆ ನೆನಪಿಲ್ಲ. ಸುಗ್ಗಿಯ ಕಣದಲ್ಲಿ ತಮ್ಮನ್ನು ದೂರ ನಿಲ್ಲಿಸಿ ಆಯದ ಧಾನ್ಯ, ಅಂದರೆ ಊರಿನ ಕೆಲಸಕ್ಕೆ ಸಲ್ಲುವ ಪಾಲನ್ನು, ಸುರಿಯುತ್ತಿದ್ದುದನ್ನು ಬರೆಯಲೇಬೇಕು ಎನ್ನುತ್ತಾರೆ, ಅಣ್ಣ ಬೇಡವೆನ್ನುತ್ತಾನೆ. ಇಷ್ಟಕ್ಕೂ ಇಂಥವರ ಕಥೆಯನ್ನು ಯಾರು ಓದುತ್ತಾರೆ?
– ಒಬ್ಬ ಓದುಗರು, ಶ್ರೀನಿವಾಸಪುರ ತಾಲ್ಲೂಕು

ಸಂಪಾದಕರ ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ಅನುಮಾನ ಉಳಿದರೆ ಲೇಖನಿ ಮುಂದೆ ಸಾಗುವುದಿಲ್ಲ. 1887ರಲ್ಲಿ ನಮ್ಮ ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ದಿವಾನರನ್ನು ಕುರಿತು ಬರೆದ ಅದೇ ಗೌರವದಿಂದ ತಮ್ಮೂರಿನ ಸಾಧಾರಣ ಜನರನ್ನೂ ನೆನೆದು ಬರೆದರು. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಕೋಲಾರ ಜಿಲ್ಲೆ ಕೆರೆಗಳನ್ನೇ ನೆಚ್ಚಿ ಬಾಳಿದ್ದು. ಕೆರೆ ಕಟ್ಟಿಸಿದವರ ಹೆಸರು ಶಾಸನಗಳಲ್ಲಿ ಸಿಗುತ್ತದೆ. ಆ ನೀರನ್ನು ಗದ್ದೆಗದ್ದೆಗೂ ಹಂಚಿದವರ ಹೆಸರು ಸಿಗುವುದು ಬಲು ಅಪರೂಪ. ನಿಮ್ಮ ತಂದೆಯವರ ಕಥೆಯನ್ನು ಓದುವವರಿದ್ದಾರೆ, ಅವರಲ್ಲಿ ನಾನೂ ಒಬ್ಬ.

ಹುಟ್ಟು, ಮದುವೆ, ಮಕ್ಕಳು ಎಂಬ ಕ್ರಮವನ್ನು ಸದ್ಯಕ್ಕೆ ಬದಿಗಿಟ್ಟು ಅವರ ಕೆಲಸದಿಂದ ಆರಂಭಿಸಿ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಈ ಕಾಲದಲ್ಲಿ ನೀರಗಂಟಿಯ ವಿದ್ಯೆಯನ್ನು ಬಲ್ಲವರು ಬೆರಳೆಣಿಕೆಯಷ್ಟು ಮಂದಿ, ಮತ್ತು ಅದು ಬಹುಮಟ್ಟಿಗೆ ಅವರ ಮೈಯಲ್ಲೇ ಇರುವ ವಿದ್ಯೆ. ಕೆರೆಯ ನೀರು ಹೊರಬಿಡುವ ತೂಬಿನ ಬಿರಡೆಯನ್ನು ಎತ್ತಲು ನೀರಿಗಿಳಿಯುತ್ತಿದ್ದರೇ, ಎಷ್ಟು ಎತ್ತಿದರೆ ಅಚ್ಚುಕಟ್ಟಿನ ಕೊನೆಯ ಗದ್ದೆಗೆ ನೀರು ಮುಟ್ಟುತ್ತಿತ್ತು, ಗಡಿಯಾರವಿಲ್ಲದೆ ಸರದಿಯ ಹೊತ್ತನ್ನು ಹೇಗೆ ಅಳೆಯುತ್ತಿದ್ದರು, ಅರ್ಧ ಕೆರೆ ತುಂಬಿದ ವರ್ಷ ಯಾರ ಗದ್ದೆಗೆ ನೀರಿಲ್ಲವೆಂದು ಊರಿನವರು ಎಲ್ಲಿ ಕುಳಿತು ತೀರ್ಮಾನಿಸುತ್ತಿದ್ದರು, ಆ ತೀರ್ಮಾನವನ್ನು ಮುರಿದು ರಾತ್ರಿ ಮಡೆ ತಿರುಗಿಸಿಕೊಂಡವರಿಗೆ ಏನಾಗುತ್ತಿತ್ತು, ಕೋಡಿ ಬೀಳುವ ಮಳೆಯಲ್ಲಿ ಏರಿಯ ಯಾವ ಜಾಗವನ್ನು ಕಾಯುತ್ತಿದ್ದರು ಎಂಬುದನ್ನೆಲ್ಲ ಕೇಳಿ. ಸಾಧ್ಯವಾದರೆ ಅವರನ್ನು ಏರಿಯ ಮೇಲೆ ಕರೆದೊಯ್ದು ಅಲ್ಲಿಯೇ ಕೇಳಿ. ಮನೆಯೊಳಗೆ ಕುಳಿತವರು ‘ನೀರು ಬಿಡ್ತಿದ್ದೆ’ ಎಂದಷ್ಟೇ ಹೇಳಿ ಸುಮ್ಮನಾಗಬಹುದು. ತೂಬಿನ ಕಲ್ಲುಕಂಬದ ಬಳಿ ನಿಂತಾಗ ಅವರ ಕೈಯೇ ಎದ್ದು ತೋರಿಸಲಾರಂಭಿಸುತ್ತದೆ.

ಅವರ ಮಾತನ್ನು ದಯವಿಟ್ಟು ತಿದ್ದಬೇಡಿ. ಶ್ರೀನಿವಾಸಪುರದ ಸೀಮೆಯಲ್ಲಿ ಒಂದೇ ವಾಕ್ಯ ತೆಲುಗಿನಲ್ಲಿ ಆರಂಭವಾಗಿ ಕನ್ನಡದಲ್ಲಿ ಮುಗಿಯುವುದು ಸಹಜ. ಅವರು ‘ಚೆರುವು ನಿಂಡಿಂದಿ’ ಎಂದರೆ ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ‘ಕೆರೆ ತುಂಬಿತು’ ಎಂದು ಸೇರಿಸಿ. ಪಠ್ಯಪುಸ್ತಕದ ಕನ್ನಡಕ್ಕೆ ಇಳಿಸಿದ ಕೂಡಲೇ ಆ ಮನುಷ್ಯರು ಮರೆಯಾಗಿ ಬರೆದವರ ಶಾಲೆಯ ಓದು ಮಾತ್ರ ಕಾಣುತ್ತದೆ. ನಮ್ಮ ಕಚೇರಿಗೆ ಬರುವ ನೆನಪಿನ ಬರಹಗಳಲ್ಲಿ ನನ್ನನ್ನು ಹೆಚ್ಚು ನೋಯಿಸುವ ಸಂಗತಿ ಇದೇ.

ಇಸವಿಗಾಗಿ ಅವರನ್ನು ಪೀಡಿಸಬೇಡಿ. ಶಾಲೆಯ ದಾಖಲೆಯಿದ್ದರೂ ಅದರ ಜನ್ಮದಿನ ಮೇಷ್ಟ್ರು ಅಂದಾಜಿನಲ್ಲಿ ಬರೆದದ್ದಾಗಿರಬಹುದು. ಘಟನೆಗಳನ್ನು ಗೂಟ ಮಾಡಿಕೊಳ್ಳಿ: 1975ರ ತುರ್ತು ಪರಿಸ್ಥಿತಿಗೆ ಮುಂಚೆಯೋ ಆಮೇಲೋ, 2001ರಲ್ಲಿ ಕೆ.ಜಿ.ಎಫ್.ನ ಚಿನ್ನದ ಗಣಿ ಮುಚ್ಚಿದಾಗ ಕೆರೆಯಲ್ಲಿ ನೀರಿತ್ತೋ ಇಲ್ಲವೋ? ನಿಮ್ಮ ಮನೆಯ ಮಟ್ಟಿಗೆ ಇದಕ್ಕಿಂತ ಗಟ್ಟಿಯಾದ ಗೂಟವೊಂದಿರಬಹುದು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ತೋಟಿ, ತಳವಾರ, ನೀರಗಂಟಿಯಂಥ ವಂಶಪಾರಂಪರ್ಯದ ಹುದ್ದೆಗಳು ರದ್ದಾಗಿ, ಆ ಹುದ್ದೆಗಳಿಗೆಂದು ಬಿಟ್ಟಿದ್ದ ಇನಾಂ ಜಮೀನುಗಳ ಮರುಮಂಜೂರಾತಿ ನಡೆಯಿತು. ಅಂಥ ಹಳೆಯ ಕಾಗದವೇನಾದರೂ ಪೆಟ್ಟಿಗೆಯಲ್ಲಿದ್ದರೆ ಹೊರತೆಗೆಯಿರಿ. ಕಾಯ್ದೆ ಬಂದ ಮೇಲೂ ಅವರು ಎಷ್ಟು ಕಾಲ, ಯಾರ ಮಾತಿನ ಮೇಲೆ ಗುದ್ದಲಿ ಹಿಡಿದು ಹೋಗುತ್ತಿದ್ದರು ಎಂಬುದೇ ಒಂದು ಅಧ್ಯಾಯವಾದೀತು. ಕಾಗದಕ್ಕೂ ಅವರ ನೆನಪಿಗೂ ಹೊಂದದಿದ್ದರೆ ಎರಡನ್ನೂ ಬರೆಯಿರಿ.

ಇನ್ನು ಕಣದ ಸಂಗತಿ. ಬರೆಯಲೇಬೇಕು. ಅವಮಾನ ಪಟ್ಟವರು ಹೇಳಲು ಸಿದ್ಧರಿರುವಾಗ ಅದನ್ನು ಅಳಿಸುವ ಹಕ್ಕು ಮಗನಿಗಾಗಲಿ, ಮಗಳಿಗಾಗಲಿ, ಸಂಪಾದಕನಿಗಾಗಲಿ ಇಲ್ಲ. ಆದರೂ ನಿಮ್ಮ ಅಣ್ಣನ ಅಳುಕನ್ನು ಹಗುರವಾಗಿ ಕಾಣಬೇಡಿ. ಹಾಗೆ ದೂರ ನಿಲ್ಲಿಸಿದ ಮನೆಯವರ ಎದುರಿಗೇ ಅವರು ನಾಳೆಯೂ ಓಡಾಡಬೇಕು. ಆ ಕುಟುಂಬದ ಹೆಸರನ್ನು ಬಿಟ್ಟು, ನಡೆದದ್ದನ್ನು ಒಂದಿಷ್ಟೂ ಮೆದುಗೊಳಿಸದೆ ಬರೆಯಬಹುದು: ಎಷ್ಟು ದೂರ ನಿಲ್ಲಿಸಿದರು, ಧಾನ್ಯವನ್ನು ಎಲ್ಲಿಗೆ ಸುರಿದರು, ಮನೆಗೆ ಬಂದು ಅಮ್ಮನಿಗೆ ಏನೆಂದು ಹೇಳಿದರು. ಹೆಸರು ಇರಲೇಬೇಕೆಂದು ತಂದೆಯವರು ಹಟ ಹಿಡಿದರೆ, ಹೆಸರಿರುವ ಒಂದು ಪ್ರತಿಯನ್ನು ಮನೆಯಲ್ಲಿ ಭದ್ರವಾಗಿಟ್ಟು, ಅಚ್ಚಿಗೆ ಬೇರೆ ಪ್ರತಿ ಕೊಡಿ. ಬರೆದುದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ, ಅವರು ಒಪ್ಪಿದ ಮೇಲೆಯೇ ಹೊರಗೆ ಕಳಿಸಿ.

ಮೊಬೈಲಿನಲ್ಲಿ ಧ್ವನಿಮುದ್ರಿಸುವಾಗ ಮೊದಲಿಗೆ ದಿನಾಂಕ, ಊರು, ಅವರ ಹೆಸರನ್ನು ಹೇಳಿಸಿ. ಅರ್ಧ ಗಂಟೆಗಿಂತ ಹೆಚ್ಚು ಮಾತಾಡಿಸಿ ದಣಿಸಬೇಡಿ. ಕಡತದ ಪ್ರತಿಗಳನ್ನು ಎರಡು ಬೇರೆ ಬೇರೆ ಮನೆಗಳಲ್ಲಿಡಿ. ಹಳೆಯ ಫೋಟೋಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಹೆಸರು ಬರೆಯಿರಿ.

ಕೆರೆಯ ತೂಬಿನ ಭಾಗವಷ್ಟು ಮುಗಿದರೂ ಸಾಕು, ಮೊದಲು ಅದನ್ನೇ ನಮಗೆ ಕಳಿಸಿ. ಅದರ ತೆಲುಗು ಮಾತುಗಳಿಗೆ ನಾವು ಕೈ ಹಚ್ಚುವುದಿಲ್ಲ, ಕರಡಚ್ಚನ್ನು ಪ್ರಕಟಣೆಗೆ ಮುನ್ನ ನಿಮಗೆ ಕಳಿಸುತ್ತೇವೆ. ತಂದೆಯವರು ಕೇಳಿ ಒಪ್ಪಿದ ಮೇಲೆ ಪುಟಕ್ಕೆ ಹೋಗುತ್ತದೆ.