ಲೋಟದ ನೀರಿಗೆ ಬಣ್ಣವೇ ಇಲ್ಲ, ಆದರೂ ಅದು ನಮ್ಮ ಕಣ್ಣಿಗೆ ಹೇಗೆ ಕಾಣುತ್ತದೆ?

ನಾವು ನೋಡುವುದು ನೀರಿನ ಅಂಚನ್ನು. ಗಾಳಿಯಿಂದ ಬಂದ ಬೆಳಕು ನೀರಿನ ಮೇಲ್ಮೈಗೆ ತಾಗಿದಾಗ ಸ್ವಲ್ಪ ಭಾಗ ವಾಪಸ್ ಚಿಮ್ಮುತ್ತದೆ, ಉಳಿದದ್ದು ಬಾಗಿ ಒಳಗೆ ಹೋಗುತ್ತದೆ. ಆ ಹೊಳಪು, ಆ ಬಾಗು ಕಂಡಾಗಲೇ ಇಲ್ಲಿ ನೀರಿದೆ ಅಂತ ನಮಗೆ ಗೊತ್ತಾಗುತ್ತದೆ.

ಇದಕ್ಕೆಲ್ಲ ಕಾರಣ ವೇಗ. ಗಾಳಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 3,00,000 ಕಿಲೋಮೀಟರ್ ಓಡುತ್ತದೆ. ನೀರಿನಲ್ಲಿ ಸುಮಾರು 2,25,000 ಅಷ್ಟೇ. ವೇಗ ಬದಲಾಗುವ ಗಡಿಯಲ್ಲೇ ಬೆಳಕು ಬಾಗುವುದು, ಚಿಮ್ಮುವುದು. ನೇರ ಮೇಲಿಂದ ಬಗ್ಗಿ ನೋಡಿದರೆ ವಾಪಸ್ ಬರುವುದು ಶೇಕಡ 2ರಷ್ಟು ಮಾತ್ರ. ಅದಕ್ಕೇ ತಿಳಿನೀರಿನ ತೊಟ್ಟಿಯಲ್ಲಿ ತಳ ಕಾಣುತ್ತದೆ. ಓರೆಯಾಗಿ ನೋಡಿದರೆ ವಾಪಸ್ ಬರುವ ಬೆಳಕು ತುಂಬಾ ಜಾಸ್ತಿಯಾಗುತ್ತದೆ. ದೂರದ ಕೆರೆ ಕನ್ನಡಿ ಥರ ಹೊಳೆಯುತ್ತದಲ್ವಾ, ಹಾಗೆ.

ನನಗೆ ತುಂಬಾ ಇಷ್ಟವಾದ ಒಂದು ಪ್ರಯೋಗ ಇದೆ. ಬೋರೋಸಿಲಿಕೇಟ್ (ಬಿಸಿ ತಡೆಯುವ) ಗಾಜಿನ ಪುಟ್ಟ ಬಟ್ಟಲನ್ನು ನೀರಿನಲ್ಲಿ ಮುಳುಗಿಸಿ. ಬಟ್ಟಲು ಕಾಣುತ್ತಲೇ ಇರುತ್ತದೆ. ಅದನ್ನು ಚೆನ್ನಾಗಿ ಒರೆಸಿ ಸೂರ್ಯಕಾಂತಿ ಎಣ್ಣೆಯಲ್ಲಿ ಮುಳುಗಿಸಿ, ಒಳಗೂ ಎಣ್ಣೆ ತುಂಬಲಿ. ಅಂಚು ಮೆಲ್ಲಗೆ ಕರಗಿದ ಹಾಗಾಗಿ ಬಟ್ಟಲು ಹೆಚ್ಚುಕಡಿಮೆ ಮಾಯ! ಆ ಗಾಜಿನಲ್ಲೂ ಎಣ್ಣೆಯಲ್ಲೂ ಬೆಳಕಿನ ವೇಗ ಬಹುತೇಕ ಒಂದೇ. ಬೆಳಕಿನ ಪಾಲಿಗೆ ಅಲ್ಲಿ ಗಡಿಯೇ ಇಲ್ಲ.

ಹಾಲಿನ ವಿಷಯದಲ್ಲೂ ಇದೇ ನಿಯಮ. ಅದರೊಳಗೆ ಕೊಬ್ಬಿನ ಲೆಕ್ಕವಿಲ್ಲದಷ್ಟು ಸಣ್ಣ ಹನಿಗಳು ತೇಲುತ್ತಿರುತ್ತವೆ. ಪ್ರತಿ ಹನಿಗೂ ತನ್ನದೇ ಅಂಚು. ಬೆಳಕು ಅಲ್ಲೆಲ್ಲ ತಾಗಿ ದಿಕ್ಕಾಪಾಲಾಗಿ ಚದುರುತ್ತದೆ, ಎಲ್ಲ ಬಣ್ಣವೂ ಬೆರೆತು ಬೆಳ್ಳಗೆ ಕಾಣುತ್ತದೆ.